ದಂಡಿನ ಆಟ, ಅಲೆಮಾರಿಗಳ ತಂಡ

ಡಬ್ಲಿನ್ನಿನ ಫಿಬ್ಸ್‌ಬರೋ ಬಡಾವಣೆಗೆ ಬಂದ ಹೊಸತು. ಶುಕ್ರವಾರ ಸಂಜೆ ನಮ್ಮ ಬಾಡಿಗೆ ಮನೆಯ ಹಿತ್ತಲೆಲ್ಲ ಬೆಳ್ಳಂಬೆಳಕು. ಅಕ್ಕಪಕ್ಕದಲ್ಲಿ ಮದುವೆ ಇರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು: ಕೆಂಪಿಟ್ಟಿಗೆಯ ಸಾಲುಮನೆಗಳ ಬೆನ್ನಿಗೇ ಡೇಲಿಮೌಂಟ್ ಪಾರ್ಕ್ ಎಂಬ ಫುಟ್‌ಬಾಲ್ ಮೈದಾನವಿದೆ.

ಸಂದಿಯೊಳಗೆ ನಡೆದು, ಒಬ್ಬರಷ್ಟೇ ತೂರಬಹುದಾದ ಕಬ್ಬಿಣದ ಗೇಟನ್ನು ಹೊಟ್ಟೆಯಿಂದ ತಳ್ಳಿಕೊಂಡು ಒಳಗೆ ಹೋಗಬೇಕು. ವಿನೆಗರ್ ಸುರಿದ ಬಿಸಿ ಆಲೂಗಡ್ಡೆ ಚಿಪ್ಸಿನ ಘಾಟು ಮೂಗಿಗೆ ಮೊದಲು ಬಡಿಯುತ್ತದೆ. ಮುಖ್ಯ ಗ್ಯಾಲರಿಯ ಹೆಸರು ಜೋಡಿ ಸ್ಟ್ಯಾಂಡ್. ನಮ್ಮ ಜೋಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಹೆಸರು ಕಂಡಾಗ ಸುಮ್ಮನೆ ಖುಷಿಯಾಗಿತ್ತು.

ಇಲ್ಲಿ ಆಡುವುದು ಬೊಹೀಮಿಯನ್ಸ್. 1890ರಲ್ಲಿ ಫೀನಿಕ್ಸ್ ಪಾರ್ಕಿನ ಕಾವಲುಗಾರನ ಮನೆಯಲ್ಲಿ ಕೆಲವು ಹುಡುಗರು ಸೇರಿ ಕಟ್ಟಿದ ಕ್ಲಬ್. ಸ್ವಂತ ಮೈದಾನವಿಲ್ಲದೆ ಅಲೆದವರಿಗೆ ಅಲೆಮಾರಿ ಎಂಬರ್ಥದ ಹೆಸರೇ ಹೊಂದಿತು. 1901ರಲ್ಲಿ ಡೇಲಿಮೌಂಟ್ ಸಿಕ್ಕಿತು. 1969ರವರೆಗೆ ಆಟಗಾರರಿಗೆ ಸಂಬಳವನ್ನೇ ಕೊಡದೆ ನಡೆದ ತಂಡ ಇದು.

ಫುಟ್‌ಬಾಲನ್ನು ಇಲ್ಲಿ ಬಹಳ ಕಾಲ ಬ್ರಿಟಿಷ್ ‘ದಂಡಿನ ಆಟ’ ಎಂದು ಹಂಗಿಸುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಾತ್ರ ಹಂಗಣೆ ನಿಯಮವಾಗಿಯೇ ಕುಳಿತಿತ್ತು. ದೇಸೀ ಕ್ರೀಡೆಗಳ ಸಂಸ್ಥೆಯಾದ ಜಿಎಎ ತನ್ನ ಸದಸ್ಯರು ಫುಟ್‌ಬಾಲ್ ಆಡುವುದಿರಲಿ, ನೋಡುವುದನ್ನೂ ನಿಷೇಧಿಸಿತ್ತು. 1938ರಲ್ಲಿ ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡ್ ಇದೇ ಡೇಲಿಮೌಂಟಿನಲ್ಲಿ ಪೋಲೆಂಡ್ ವಿರುದ್ಧದ ಪಂದ್ಯ ನೋಡಿದರು. ಐರಿಷ್ ಭಾಷೆಗಾಗಿ ಜೀವ ತೇಯ್ದ ಆ ಹಿರಿಯರನ್ನು ಅಷ್ಟಕ್ಕೇ ಪೋಷಕ ಸ್ಥಾನದಿಂದ ಕಿತ್ತುಹಾಕಿದರು! ನಿಷೇಧ ಹೋದದ್ದು 1971ರಲ್ಲಿ.

ಫುಟ್‌ಬಾಲಿನವರೂ ಒಗ್ಗಟ್ಟಾಗಿರಲಿಲ್ಲ. 1921ರಲ್ಲಿ ಐರಿಷ್ ಕಪ್ಪಿನ ಸೆಮಿಫೈನಲ್ ಬೆಲ್‌ಫಾಸ್ಟಿನಲ್ಲಿ ಸಮವಾಯಿತು. ಮರುಪಂದ್ಯ ಡಬ್ಲಿನ್ನಿನಲ್ಲೇ ಎಂದು ಇಲ್ಲಿನ ತಂಡ ಶೆಲ್ಬರ್ನ್ ನಂಬಿತ್ತು. ಅದೂ ಬೆಲ್‌ಫಾಸ್ಟಿನಲ್ಲೇ ಎಂದಾಗ ಹೋಗಲೊಪ್ಪಲಿಲ್ಲ. ಎರಡೂ ಊರುಗಳ ನಡುವೆ ಮೊದಲೇ ಹೊಗೆಯಾಡುತ್ತಿದ್ದ ಜಗಳ ಹೊತ್ತಿಕೊಂಡು ಡಬ್ಲಿನ್ನಿನವರು ಬೇರೆ ಸಂಸ್ಥೆ ಮಾಡಿಕೊಂಡರು. ಮೊದಲ ಲೀಗಿನಲ್ಲಿ ಎಂಟು ತಂಡ, ಎಂಟೂ ಡಬ್ಲಿನ್ನಿನವೇ. ಆ ಸಲ ಲೀಗನ್ನೂ ಕಪ್ಪನ್ನೂ ಗೆದ್ದದ್ದು ಗಿನ್ನೆಸ್ ಬಿಯರ್ ಕಾರ್ಖಾನೆಯ ಸೇಂಟ್ ಜೇಮ್ಸಸ್ ಗೇಟ್. 1926ರಲ್ಲಿ ಕಪ್ ಗೆದ್ದ ಫೋರ್ಡ್‌ಸನ್ಸ್ ಕಾರ್ಕ್ ನಗರದ ಫೋರ್ಡ್ ಕಾರ್ಖಾನೆಯ ತಂಡ. ಡಂಡಾಕ್ ತಂಡ ಹುಟ್ಟಿದ್ದು ರೈಲ್ವೆ ನೌಕರರಿಂದ. ನಮ್ಮ ಎಚ್‌ಎಎಲ್, ಐಟಿಐ ತಂಡಗಳ ಹಾಗೆ.

ಇಂಥ ತಂಡಗಳ ಹಣೆಬರಹ ಕಾರ್ಖಾನೆಯ ಮರ್ಜಿಯಲ್ಲಿರುತ್ತದೆ. ಬೊಹೀಮಿಯನ್ಸ್ ಮಾತ್ರ ಇಂದಿಗೂ ಸದಸ್ಯರದ್ದು, ಊರಿನ ಹಾಲಿನ ಡೇರಿಯಂತೆ. ಹಾಗೆಂದು ಸದಸ್ಯರೆಲ್ಲ ಬೃಹಸ್ಪತಿಗಳೇನಲ್ಲ. ಭೂಮಿಯ ಬೆಲೆ ಮುಗಿಲಿಗೇರಿದ್ದ 2006ರಲ್ಲಿ ಮೈದಾನವನ್ನೇ ಬಿಲ್ಡರ್ ಒಬ್ಬರಿಗೆ ಮಾರಲು ಕೈ ಎತ್ತಿದವರೂ ಇವರೇ. ಮಾರುಕಟ್ಟೆ ಕುಸಿಯಿತು, ವ್ಯವಹಾರ ಮುರಿಯಿತು, ಕ್ಲಬ್ ಸಾಲದಲ್ಲಿ ಮುಳುಗಿ ಕೂದಲೆಳೆಯಲ್ಲಿ ಉಳಿಯಿತು. 2015ರಲ್ಲಿ ನಗರಪಾಲಿಕೆ 38 ಲಕ್ಷ ಯೂರೊಗೆ ಮೈದಾನವನ್ನು ಕೊಂಡಿತು. ಎದುರಾಳಿ ಶ್ಯಾಮ್‌ರಾಕ್ ರೋವರ್ಸ್ ಕಥೆ ಇನ್ನೂ ಕಠಿಣ. ಮಾಲೀಕರು 1987ರಲ್ಲಿ ಮಿಲ್‌ಟೌನ್ ಮೈದಾನ ಬಿಟ್ಟ ಮೇಲೆ 2009ರವರೆಗೆ ಅದು ಅಕ್ಕಪಕ್ಕದವರ ಅಂಗಳದಲ್ಲೇ ಆಡಿಕೊಂಡಿತ್ತು. ನಿಜವಾದ ಅಲೆಮಾರಿಗಳು ಆಗ ಅವರೇ.

ಈ ವರ್ಷ ನಾನೂ ಸದಸ್ಯನಾಗಿದ್ದೇನೆ. ವಾರ್ಷಿಕ ಸಭೆಯ ಸೂಚನೆ ಬಂದಾಗಿನಿಂದ ಮನೆಯಲ್ಲಿ ಗೊಣಗಾಟ: “ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಒಂದು ದಿನ ಇಳಿದು ಹೋದವರಲ್ಲ, ಇಲ್ಲಿ ಚೆಂಡಿನ ಸಂಘಕ್ಕೆ ಇಸ್ತ್ರಿ ಶರ್ಟು ಬೇಕಂತೆ!”