ಬೀರುವಿನ ಬೆನ್ನು

ಅಮ್ಮನ ಪಿಂಗಾಣಿ ಕಪ್ಪುಗಳು ವರ್ಷಗಟ್ಟಲೆ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಒಂದರ ಹಿಡಿ ಮುರಿದಿತ್ತು, ಅಂಟಿಸಿದ್ದೆವು. ಅವನ್ನು ಇಡೋದಕ್ಕೆ ಒಂದು ಗಾಜಿನ ಬೀರು ಬೇಕು, ಅದೂ ಹಳೆಯದೇ ಆಗಬೇಕು ಅಂತ ನನ್ನ ಹಟ. ಹೊಸ ಶೋಕೇಸ್ ಆಗಿದ್ದರೆ ಒಂದೇ ದಿನದ ಕೆಲಸ. ಆದರೆ ಅದರೊಳಗೆ ಇಟ್ಟಿದ್ದೆಲ್ಲ ಮಾರಾಟಕ್ಕಿಟ್ಟ ಹಾಗೆ ಕಾಣುತ್ತೆ ಅಂತ ನನಗೆ ಸುಮ್ನೆ ಒಂದು ಅಸಮಾಧಾನ.

ಜೊತೆಗೆ ಮಾಮ ಬಂದರು. ಸ್ವಂತ ಮಾವ ಅಲ್ಲ, ಅಪ್ಪನ ಗೆಳೆಯರು. ಬದುಕೆಲ್ಲ ಬಡಗಿ ಕೆಲಸ ಮಾಡಿದವರು. ಒಂದು ಟಾರ್ಚ್, ಅಳತೆ ಟೇಪು, ಜೇಬಿನಲ್ಲಿ ಮಡಚಿದ ಒಂದು ಬಿಳಿ ಹಾಳೆ. ಹಾಳೆ ಯಾಕೆ ಅಂತ ಕೇಳಿದೆ. "ಗೊತ್ತಾಗುತ್ತೆ ಬಾರಮ್ಮ" ಅಂದರು.

ಅಂಗಡಿಯ ಬಾಗಿಲಲ್ಲೇ ನನ್ನ ಕಣ್ಣಿಗೆ ಒಂದು ಬಿತ್ತು. ಕಪ್ಪುಗೆಂಪು ಮರ, ಮುಖ ಕಾಣುವಷ್ಟು ಪಾಲಿಶ್. ಬಾಗಿಲಿನ ಗಾಜನ್ನು ಸಣ್ಣ ಮರದ ಪಟ್ಟಿಗಳು ಹದಿಮೂರು ತುಂಡಾಗಿ ಹಂಚಿದ್ದವು. ನೂರು ವರ್ಷಕ್ಕೂ ಹಳೆಯದು ಅಂದರು ಅಂಗಡಿಯವರು. ಆಂಟಿಕ್ ಅಂತ ಕರೆಯೋಕೆ ಸಾಮಾನ್ಯವಾಗಿ 100 ವರ್ಷದ ಲೆಕ್ಕ ಇದೆ, ಅವರು ಅದನ್ನು ಸರಿಯಾಗಿಯೇ ಬಾಯಿಪಾಠ ಮಾಡಿದ್ದರು. ನಾನಂತೂ ಮನಸ್ಸಿನಲ್ಲೇ ಕಪ್ಪುಗಳನ್ನು ಜೋಡಿಸಿ ಮುಗಿಸಿದ್ದೆ.

ಮಾಮ ಬಾಗಿಲಿನ ಪಕ್ಕಕ್ಕೆ ನಿಂತು ಗಾಜಿನ ಮೇಲೆ ಟಾರ್ಚ್ ಓರೆಯಾಗಿ ಬಿಟ್ಟರು. ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಮುರಿಯದೆ ಹರಿಯಿತು. "ಹದಿಮೂರು ಗಾಜಿದ್ದರೆ ಒಂದೊಂದೂ ಒಂದೊಂದು ಕಡೆ ವಾಲಿರುತ್ತೆ. ಬೆಳಕು ಕುಂಟುತ್ತೆ. ಇದು ಒಂದೇ ಹಾಳೆ ಗಾಜು, ಮೇಲೆ ಪಟ್ಟಿ ಅಂಟಿಸಿದ್ದಾರೆ." ಉಗುರು ತೂರಿಸಿ ನೋಡಿದೆ. ಪಟ್ಟಿ ಮತ್ತು ಗಾಜಿನ ನಡುವೆ ಸಂದಿ ಇತ್ತು. ಮನಸ್ಸಿನಲ್ಲಿ ಜೋಡಿಸಿದ್ದ ಕಪ್ಪುಗಳನ್ನು ಒಂದೊಂದಾಗಿ ಈಚೆ ತೆಗೆದೆ.

ಎರಡನೆಯದು ಎತ್ತರದ್ದು. ಮೇಲೆ ಗಾಜಿನ ಭಾಗ, ಕೆಳಗೆ ಡ್ರಾಯರ್‌ಗಳು. ಮಾಮ ಅದರ ಮುಂಭಾಗ ನೋಡಲೇ ಇಲ್ಲ. ಗೋಡೆಯಿಂದ ಸ್ವಲ್ಪ ಎಳೆಯಿರಿ ಅಂದರು. ಅಂಗಡಿಯವರಿಗೆ ಮುಖ ಗಂಟಾಯಿತು. "ಹಿಂದೆ ಏನಿದೆ ಸರ್, ಧೂಳು ಅಷ್ಟೇ."

ಹಿಂದೆ ಬೇರೆಯೇ ಕಥೆ ಇತ್ತು. ಕೆಳಗಿನ ಭಾಗದ ಬೆನ್ನಿಗೆ ಅಗಲವಾದ ಹಲಗೆಗಳು. ಕೈ ಆಡಿಸಿದರೆ ಮರ ಹೆರೆಯುವ ತೋಪಡ ಹೊಡೆದ ಉಬ್ಬುತಗ್ಗು ಬೆರಳಿಗೆ ಸಿಗುತ್ತಿತ್ತು. ಮೇಲಿನ ಭಾಗದ ಬೆನ್ನು ನುಣ್ಣನೆಯ ಪ್ಲೈವುಡ್. ಅಂದರೆ ಯಾವುದೋ ಬೀರುವಿನ ಸೊಂಟಕ್ಕೆ ಇನ್ಯಾವುದರದೋ ತಲೆ. ಈ ವ್ಯಾಪಾರದಲ್ಲಿ ಇಂಥದ್ದಕ್ಕೆ 'ಮದುವೆ' ಅಂತಾರಂತೆ! ಇಂಗ್ಲಿಷಿನವರೂ ಹಾಗೇ ಕರೀತಾರೆ. ಮದುವೆಯಾದ ಬೀರು ಕೆಟ್ಟದ್ದೇನಲ್ಲ, ಕಪ್ಪು ಇಡೋಕೆ ಧಾರಾಳ ಸಾಕು. ಆದರೆ ಪೂರ್ತಿ ಹಳೆಯದು ಅಂತ ಬೆಲೆ ಹೇಳಬಾರದು, ಅಲ್ವಾ?

ಮೂರನೆಯದನ್ನು ನಾನು ನೋಡಿಯೂ ಮುಂದೆ ಹೋಗಿದ್ದೆ. ಮೂಲೆಯಲ್ಲಿತ್ತು, ಮಂಕು ಬಣ್ಣ. ಮೇಲ್ಗಡೆ ಬಿಸಿ ಪಾತ್ರೆ ಇಟ್ಟ ಬಿಳಿ ಉಂಗುರ. ಮಾಮ ಅದರ ಒಂದು ಡ್ರಾಯರ್ ಪೂರ್ತಿ ಹೊರಗೆಳೆದು ಬೋರಲು ಹಾಕಿದರು. ಮೂಲೆಯ ಡವ್‌ಟೇಲ್ ಜೋಡಣೆಯನ್ನು, ಅಂದರೆ ಎರಡು ಹಲಗೆಗಳ ಅಂಚನ್ನು ಹಲ್ಲಿನಂತೆ ಕೊಯ್ದು ಒಂದಕ್ಕೊಂದು ಕಚ್ಚಿಸಿದ್ದನ್ನು, ಹತ್ತಿರದಿಂದ ತೋರಿಸಿದರು. ಹಲ್ಲುಗಳು ಒಂದರಂತೆ ಒಂದಿಲ್ಲ. ಒಂದು ದಪ್ಪ, ಒಂದು ಸಪೂರ. ಪಕ್ಕದಲ್ಲಿ ಬಡಗಿ ಅಳತೆಗೆ ಎಳೆದ ಕೂದಲೆಳೆಯಂಥ ಗೀರು ಇನ್ನೂ ಇತ್ತು. ಯಂತ್ರ ಕೊಯ್ದಿದ್ದರೆ ಹಲ್ಲುಗಳು ಅಚ್ಚು ಹಾಕಿದಂತೆ ಇರುತ್ತವೆ.

ಕೀಲಿನಲ್ಲಿ ಮಾತ್ರ ಒಂದು ಪ್ಲಸ್ ತಲೆಯ ಸ್ಕ್ರೂ ಸಿಕ್ಕಿತು. ಆ ಬಗೆಯ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ನಾನು ಸಿಕ್ಕಿಬಿತ್ತು ಅನ್ನೋ ಹಾಗೆ ನೋಡಿದೆ. ಮಾಮ ನಕ್ಕರು. ಒಂದು ಸ್ಕ್ರೂ ಬದಲಾದರೆ ರಿಪೇರಿ, ಎಲ್ಲವೂ ಪ್ಲಸ್ ತಲೆಯವೇ ಆಗಿದ್ದರೆ ಅನುಮಾನ. ಮಿಕ್ಕವೆಲ್ಲ ಒಂದೇ ಗೀರಿನ ಹಳೇ ಸ್ಕ್ರೂಗಳೇ.

ಕಾಲಿನ ಹತ್ತಿರ ಕುಟ್ಟೆ ಹಿಡಿದ ತೂತುಗಳಿದ್ದವು, ಗುಂಡುಸೂಜಿ ತಲೆಯಷ್ಟು. ಈಗ ಬಿಳಿ ಹಾಳೆ ಹೊರಬಂತು. ತೂತುಗಳ ಕೆಳಗೆ ಹಾಸಿ, ಮರವನ್ನು ಗೆಣ್ಣಿನಿಂದ ಕುಟ್ಟಿದರು. ಹುಳು ಜೀವಂತ ಇದ್ದರೆ ತಿಳಿ ಬಣ್ಣದ ಹೊಸ ಹುಡಿ ಉದುರುತ್ತೆ, ತೂತಿನ ಅಂಚೂ ಹೊಸದಾಗಿ ಬೆಳ್ಳಗಿರುತ್ತೆ. ಹಾಳೆ ಮೇಲೆ ಒಂದಿಷ್ಟು ಕಪ್ಪು ಧೂಳು ಬಿತ್ತು, ಅಷ್ಟೇ. ತೂತುಗಳ ಒಳಗೂ ಕಪ್ಪು ಕೊಳೆ ಕೂತಿತ್ತು. ಆದರೂ ಒಂದು ಮಳೆಗಾಲ, ಒಂದು ಬೇಸಿಗೆ ಕಣ್ಣಿಟ್ಟಿರು ಅಂದರು.

ಆಮೇಲೆ ಗಾಜು. ಇಲ್ಲಿ ನಾನೇ ನಿಂತುಬಿಟ್ಟೆ. ತಲೆಯನ್ನು ಆಚೀಚೆ ಆಡಿಸಿದರೆ ಒಳಗಿನ ಹಲಗೆಯ ಅಂಚು ನೀರಿನಲ್ಲಿ ಕಂಡಂತೆ ಬಳುಕುತ್ತಿತ್ತು. ಎರಡು ಕಡೆ ಸಾಸಿವೆಯಷ್ಟು ಗುಳ್ಳೆ. ಒಂದು ಗಾಜು ಮಾತ್ರ ಬಳುಕದೆ ನೆಟ್ಟಗಿತ್ತು, ಅದು ಆಮೇಲೆ ಹಾಕಿದ್ದು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಪಾಟು ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಜಗತ್ತಿಗೆ ಹೇಳಿದ್ದು 1959ರಲ್ಲಿ. ಅದಕ್ಕೂ ಮುಂಚಿನ ಕಿಟಕಿ ಗಾಜುಗಳಲ್ಲಿ ಇಂಥ ಅಲೆ ಸಾಮಾನ್ಯ. ಅಂಗಡಿಯವರು, "ಗಾಜು ದ್ರವ ಮೇಡಂ, ನೂರಾರು ವರ್ಷದಲ್ಲಿ ನಿಧಾನವಾಗಿ ಕೆಳಗೆ ಇಳಿಯುತ್ತೆ, ಅದಕ್ಕೇ ಅಲೆ" ಅಂದರು. ಚಂದದ ಮಾತು, ಆದರೆ ಸುಳ್ಳು. ಮನೆಯ ಬಿಸಿಲು ಚಳಿಗೆ ಗಾಜು ಇಳಿಯೋದಿಲ್ಲ. ಅದು ಹುಟ್ಟುವಾಗಲೇ ಹಾಗಿತ್ತು.

ಬಿಳಿ ಉಂಗುರಕ್ಕೆ ನಾನು ಹೊಸ ಪಾಲಿಶ್ ಹಾಕಿಸೋಣ ಅಂದೆ. ಮಾಮ ಬೆರಳಿಗೆ ಸ್ಪಿರಿಟ್ ಹಚ್ಚಿದ ಬಟ್ಟೆ ಸುತ್ತಿ, ಹಿಂದಿನ ಕಾಣದ ಮೂಲೆಯಲ್ಲಿ ಉಜ್ಜಿದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಯಿತು. ಅರಗಿನ ಪಾಲಿಶ್! ಅರಗು ಹುಳುವಿನಿಂದ ಬಂದದ್ದು, ಸ್ಪಿರಿಟ್‌ಗೆ ಕರಗುತ್ತೆ. "ಕೆರೆದು ಹಾಕಿದರೆ ಹೊಸ ಬೀರು ಆಗುತ್ತೆ. ಹೊಸದೇ ಬೇಕಿದ್ದರೆ ಇಲ್ಲಿಗ್ಯಾಕೆ ಬಂದ್ವಿ?" ಉಂಗುರ ಹಾಗೇ ಉಳಿಯಿತು. ಅದರ ಮೇಲೆ ಒಂದು ಹೂದಾನಿ ಇಟ್ಟಿದ್ದೇನೆ.

ಇಷ್ಟೆಲ್ಲ ಮಾಡಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಇಡುವ ಗೋಡೆ ಅಳೆದಿದ್ದೆ, ಮನೆಯ ಬಾಗಿಲೂ ಅಳೆದಿದ್ದೆ. ಮೆಟ್ಟಿಲಿನ ತಿರುವು ಅಳೆದಿರಲಿಲ್ಲ. ಬೀರು ಅಲ್ಲಿ ಸಿಕ್ಕಿಕೊಂಡಿತು. ಹೊತ್ತವರು ಕೆಳಗೆ ಬೆವರುತ್ತಿದ್ದಾರೆ, ನಾನು ಮೇಲಿಂದ "ಗಾಜು, ಗಾಜು" ಅಂತ ಕೂಗುತ್ತಿದ್ದೇನೆ. ಕಡೆಗೆ ಮಾಮ ಕೈಯಾಡಿಸಿ ನೋಡಿದರೆ ಮೇಲಿನ ಅರ್ಧ ಕೆಳಗಿನದರ ಮೇಲೆ ಸುಮ್ನೆ ಕೂತಿದೆ, ನಾಲ್ಕು ಸ್ಕ್ರೂ ಅಷ್ಟೇ. ಮಾಡಿದವನಿಗೆ ಮೆಟ್ಟಿಲಿನ ವಿಷಯ ನನಗಿಂತ ಜಾಸ್ತಿ ಗೊತ್ತಿತ್ತು.

ಹಳೆ ಗಾಜು ಒಡೆದರೆ ಕತ್ತಿಯಂಥ ಚೂರಾಗುತ್ತೆ. ಮನೆಗೆ ತಂಗಿಯ ಮಗು ಬರುತ್ತದೆ. ಹಾಗಾಗಿ ಕೆಳಗಿನ ಸಾಲಿನ ಗಾಜುಗಳಿಗೆ ಒಳಗಿನಿಂದ ಪಾರದರ್ಶಕ ಫಿಲ್ಮ್ ಅಂಟಿಸಿದೆವು. ಗಾಜು ಭಾರ ಕೂಡ: 3 ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ ಸುಮಾರು 7.5 ಕಿಲೋ. ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಬೀರು ಮುಂದಕ್ಕೆ ವಾಲಬಹುದು ಅಂತ ಮೇಲ್ಗಡೆ ಪಟ್ಟಿ ಹಾಕಿ ಗೋಡೆಗೆ ಬಿಗಿದರು ಮಾಮ.

ಒಳಗಿನ ಹಲಗೆಯಲ್ಲಿ ಉದ್ದಕ್ಕೆ ಒಂದು ತೋಡು ಇದೆ, ತಟ್ಟೆಗಳನ್ನು ಜಾರದ ಹಾಗೆ ನಿಲ್ಲಿಸಲು. ನನ್ನ ಹತ್ತಿರ ನಿಲ್ಲಿಸುವಂಥ ತಟ್ಟೆ ಒಂದೂ ಇಲ್ಲ. ಕಪ್ಪುಗಳು ಅದರ ಹಿಂದೆ ಸಾಲಾಗಿ ಕೂತಿವೆ. ಅಂಟಿಸಿದ ಹಿಡಿಯ ಕಪ್ಪನ್ನು ಮೊದಲು ಹಿಂದಕ್ಕೆ ತಳ್ಳಿದ್ದೆ, ಈಗ ಮುಂದೆಯೇ ಇದೆ. ನೆಲ ಸಮ ಇಲ್ಲದ್ದರಿಂದ ಬಲಗಡೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಕಾಲಿಗೆ ಒಂದು ಮರದ ಬೆಣೆ ಮಾಡಿಕೊಡ್ತೀನಿ, ಅಲ್ಲಿವರೆಗೆ ಇದಿರಲಿ ಅಂತ ಮಾಮ ಆ ಬಿಳಿ ಹಾಳೆಯನ್ನೇ ಎಂಟು ಮಡಿಕೆ ಮಾಡಿ ತೂರಿಸಿ ಹೋದರು. ಹಾಳೆ ಇನ್ನೂ ಅಲ್ಲೇ ಇದೆ.