ಬಾಕಿ ಪಟ್ಟಿ ಹಿಡಿದು ಹೊರಟ ಭಾನುವಾರ

ಅಪ್ಪನ ಹೃದಯದ ಆಪರೇಷನ್ ಆದ ವರ್ಷವೇ ನಮ್ಮ ಹಿಟ್ಟಿನ ಗಿರಣಿಯ ಮೋಟರ್ ಸುಟ್ಟುಹೋಯಿತು. ಎರಡೂ ಸೇರಿ ಸಾಲ ಬೆಳೆಯಿತು. ಬ್ಯಾಂಕಿನ ಸಾಲವಾದರೆ ಕಂತು ಅಂತ ಒಂದು ಲೆಕ್ಕ ಇರುತ್ತದೆ. ನಮ್ಮದು ಬಹುಪಾಲು ಕೈಸಾಲ. ದಿನಸಿ ಅಂಗಡಿಯ ಶೆಟ್ಟರು, ಅಪ್ಪನ ಸ್ನೇಹಿತರಾದ ಮೇಷ್ಟ್ರು, ಮೋಟರ್ ವೈಂಡಿಂಗ್ ಮಾಡಿದವರು, ಸೋದರಮಾವ, ಬಡ್ಡಿಗೆ ಕೊಡುವ ಒಬ್ಬರು. ಸೊಸೈಟಿಯಲ್ಲಿ ನನ್ನ ಹೆಸರಿನಲ್ಲೂ ಒಂದು ಸಾಲವಿತ್ತು. ತಿಪಟೂರು ದೊಡ್ಡ ಊರಲ್ಲ. ಸಂತೆಗೆ ಹೋದರೆ ಇವರಲ್ಲಿ ಯಾರಾದರೂ ಎದುರಾಗುತ್ತಿದ್ದರು. ಅಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದರು.

ಆಗ ನಾನು ಓದುತ್ತಿದ್ದದ್ದು ಜಾರ್ಜ್ ಎಸ್. ಕ್ಲೇಸನ್ ಅವರ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲೋನ್'. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಜೊತೆಯವರೊಬ್ಬರು ಕೊಟ್ಟಿದ್ದರು. ಕ್ಲೇಸನ್ ಅಮೆರಿಕದ ಡೆನ್ವರಿನಲ್ಲಿ ನಕ್ಷೆ ಅಚ್ಚು ಹಾಕುವ ಕಂಪನಿ ಇಟ್ಟಿದ್ದವರು. 1926ರಿಂದ ಹಣದ ಬಗ್ಗೆ, ಪ್ರಾಚೀನ ಬ್ಯಾಬಿಲೋನ್ ನಗರದಲ್ಲಿ ನಡೆಯುವಂಥ ಚಿಕ್ಕ ಚಿಕ್ಕ ಕಥೆಗಳನ್ನು ಕಿರುಹೊತ್ತಿಗೆಗಳಾಗಿ ಹೊರತಂದರು. ಬ್ಯಾಂಕುಗಳು, ವಿಮಾ ಕಂಪನಿಗಳು ಅವನ್ನು ಜನರಿಗೆ ಹಂಚಿದವು. ಆಮೇಲೆ ಎಲ್ಲ ಸೇರಿ ಪುಸ್ತಕವಾಯಿತು. ಈ ಪುಸ್ತಕ ಅಂದರೆ ಎಲ್ಲರೂ ಹೇಳುವುದು ಅರ್ಕಾದ್ ಎಂಬ ಶ್ರೀಮಂತನ ಮಾತು: ದುಡಿದದ್ದರಲ್ಲಿ ಹತ್ತರಲ್ಲಿ ಒಂದು ಪಾಲು ನಿನಗೇ ಇಟ್ಟುಕೋ. ಒಳ್ಳೆಯ ಮಾತೇ. ಆದರೆ ನನ್ನ ಮನಸ್ಸಿಗೆ ತಟ್ಟಿದ್ದು ಅರ್ಕಾದನ ಕಥೆಯಲ್ಲ, ದಬಾಸಿರ್ ಎಂಬ ಒಂಟೆ ವ್ಯಾಪಾರಿಯದು.

ಈತ ಜೀನು ಮಾಡುವವನ ಮಗ. ಸಾಲ ಮಾಡಿ, ತೀರಿಸಲಾಗದೆ ಊರು ಬಿಟ್ಟು, ಕೊನೆಗೆ ಸಿರಿಯಾದಲ್ಲಿ ಗುಲಾಮನಾಗಿ ಮಾರಾಟವಾಗುತ್ತಾನೆ. ಅಲ್ಲಿ ಯಜಮಾನನ ಹೆಂಡತಿ ಸಿರಾ ಅವನ ಕಣ್ಣು ತೆರೆಸುತ್ತಾಳೆ. ಸಾಲವೇ ನಿನ್ನ ಶತ್ರು ಅನ್ನುತ್ತಾಳೆ. ಆದರೆ ಸಾಲ ಕೊಟ್ಟವರು ತನ್ನನ್ನು ನಂಬಿದ ಸ್ನೇಹಿತರು ಅನ್ನುವುದು ಆಮೇಲೆ ಅವನಿಗೇ ಹೊಳೆಯುತ್ತದೆ. ಆತ ತಪ್ಪಿಸಿಕೊಂಡು ಬ್ಯಾಬಿಲೋನಿಗೆ ಬರುತ್ತಾನೆ. ಮಣ್ಣಿನ ಹಲಗೆಯ ಮೇಲೆ ಯಾರಿಗೆ ಎಷ್ಟು ಬಾಕಿ ಅಂತ ಒಬ್ಬೊಬ್ಬರದೇ ಹೆಸರು ಬರೆಯುತ್ತಾನೆ. ಒಟ್ಟು 119 ಬೆಳ್ಳಿ ನಾಣ್ಯ, 141 ತಾಮ್ರದ ನಾಣ್ಯ. ದುಡಿದದ್ದರಲ್ಲಿ ಏಳು ಪಾಲು ಮನೆಗೆ, ಎರಡು ಪಾಲು ಸಾಲಕ್ಕೆ, ಒಂದು ಪಾಲು ಉಳಿತಾಯಕ್ಕೆ ಅಂತ ಗೊತ್ತುಮಾಡಿಕೊಂಡು ಎಲ್ಲರ ಬಳಿ ಹೋಗುತ್ತಾನೆ. ಕೆಲವರು ಬೈಯುತ್ತಾರೆ. ಕೆಲವರು ಒಪ್ಪುತ್ತಾರೆ. ಮಥೋನ್ ಎಂಬ ಲೇವಾದೇವಿಯವನಂತೂ ಕೆಲಸ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ ಕಳಿಸುತ್ತಾನೆ.

ಇದನ್ನು ರಾತ್ರಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವನು ಮೊದಲು ಯಾರ ಮನೆಗೆ ಹೋದ?" ಅಂತ ಕೇಳಿದರು.

ಗಿರಣಿಯ ಲೆಕ್ಕದ ಪುಸ್ತಕದಲ್ಲೇ ಪಟ್ಟಿ ಮಾಡಿದೆವು. ಅಮ್ಮನಿಗೂ ಗೊತ್ತಿಲ್ಲದ ಎರಡು ಹೆಸರು ಆಗ ಹೊರಬಂದವು. ಅಮ್ಮ ಏನೂ ಅನ್ನಲಿಲ್ಲ, ಎದ್ದು ಹೋಗಿ ಕಾಫಿ ಮಾಡಿ ತಂದರು. ಜಗಳ ಹತ್ತಿದ್ದು ಆ ಹತ್ತನೇ ಒಂದು ಪಾಲಿನ ಬಗ್ಗೆ. "ಕಂಡವರ ದುಡ್ಡು ಬಾಕಿ ಇಟ್ಕೊಂಡು ನಾವು ಕೂಡಿಡೋದಾ? ಅದ್ಯಾವ ನ್ಯಾಯ ಮಗಾ?" ಅಂದರು ಅಪ್ಪ. ಅವರ ಮಾತಿನಲ್ಲಿ ಸತ್ಯ ಇತ್ತು. ಬಡ್ಡಿಯವರದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಅಂದರೆ ವರ್ಷಕ್ಕೆ 36. ಪೋಸ್ಟ್ ಆಫೀಸಿನ ಆರ್‌ಡಿ ಅದರ ಹತ್ತಿರಕ್ಕೂ ಬರುವುದಿಲ್ಲ. ದಬಾಸಿರನ ಹಲಗೆಯಲ್ಲಿ ಬಡ್ಡಿಯ ಲೆಕ್ಕವೇ ಕಾಣುವುದಿಲ್ಲ. ನಿಜವಾದ ಬ್ಯಾಬಿಲೋನಿನಲ್ಲಿ ಬಡ್ಡಿ ಇತ್ತು. ಅಲ್ಲಿನ ರಾಜ ಹಮ್ಮುರಾಬಿಯ ಕಾನೂನು ಬೆಳ್ಳಿಯ ಸಾಲಕ್ಕೆ ನೂರಕ್ಕೆ 20, ಧಾನ್ಯದ ಸಾಲಕ್ಕೆ ನೂರಕ್ಕೆ 33ರಷ್ಟು ಮಿತಿ ಹಾಕಿತ್ತು. ಈ ವಿಷಯದಲ್ಲಿ ಪುಸ್ತಕ ನಮಗೆ ಸಾಲದು ಅನ್ನಿಸಿತು.

ಆದರೂ ನಾನು ಹಟ ಬಿಡಲಿಲ್ಲ. ಅಪ್ಪನಿಗೆ ಮತ್ತೆ ಆಸ್ಪತ್ರೆ ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಆಗ ಹೋಗುವುದು ಮತ್ತೆ ಆ ಬಡ್ಡಿಯವರ ಬಾಗಿಲಿಗೇ ಅಲ್ವಾ? ಅಮ್ಮ ನನ್ನ ಕಡೆ ನಿಂತರು. ಕೊನೆಗೆ ಹೀಗೆ ತೀರ್ಮಾನವಾಯಿತು: ನನ್ನ ಸಂಬಳ, ಗಿರಣಿಯ ಆದಾಯ ಸೇರಿ 30,000 ಬಂದರೆ 21,000 ಮನೆಗೆ, 3,000 ಉಳಿತಾಯಕ್ಕೆ, 6,000 ಸಾಲಕ್ಕೆ. ದಬಾಸಿರ್ ಎಲ್ಲರಿಗೂ ಅವರವರ ಬಾಕಿಗೆ ತಕ್ಕಂತೆ ಹಂಚಿದ. ನಾವು ಹಾಗೆ ಮಾಡಲಿಲ್ಲ. ಬಡ್ಡಿ ಇರುವ ಸಾಲಕ್ಕೆ ಹೆಚ್ಚು, ಉಳಿದವರಿಗೆ ಸ್ವಲ್ಪ ಸ್ವಲ್ಪ.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ನನ್ನ ಸ್ಕೂಟರಿನ ಹಿಂದೆ ಕೂತರು. ಮೊದಲು ಶೆಟ್ಟರ ಅಂಗಡಿ. ಅಪ್ಪನಿಗೆ ಮಾತೇ ಹೊರಡಲಿಲ್ಲ, ಪುಸ್ತಕ ತೆರೆದು ತೋರಿಸಿದರು. ಶೆಟ್ಟರು ಕನ್ನಡಕ ಹಾಕಿಕೊಂಡು ನೋಡಿ, "ನೀವು ಬರೆದಿರೋದು ಜಾಸ್ತಿ ಆಯ್ತು ಯಜಮಾನ್ರೇ, ನನ್ನ ಲೆಕ್ಕದಲ್ಲಿ ಇನ್ನೂರು ಕಮ್ಮಿ ಇದೆ" ಅಂದರು. ಅಲ್ಲಿಂದ ಹೊರಟಾಗ ಅಪ್ಪನ ಧ್ವನಿ ಬದಲಾಗಿತ್ತು.

ಎಲ್ಲ ಕಡೆ ಹಾಗಾಗಲಿಲ್ಲ. ಬಡ್ಡಿಯವರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, ಪೂರ್ತಿ ಅಸಲು ತಂದ ಮೇಲೆ ಮಾತಾಡಿ ಅಂದರು. ಬೀದಿಯವರಿಗೆಲ್ಲ ಕೇಳುವ ಹಾಗೆ ಅಂದರು. ಅಪ್ಪ ಶಾಂತವಾಗಿ ಆ ತಿಂಗಳ ಹಣ ಕೊಟ್ಟು, ಎದುರಿಗೇ ಪುಸ್ತಕದಲ್ಲಿ ಬರೆದು, ಅವರ ಸಹಿ ಕೇಳಿದರು. ಸ್ವಲ್ಪ ಹೊತ್ತು ಗೊಣಗಿ ಸಹಿ ಹಾಕಿದರು. ಅಪ್ಪನ ಬಗ್ಗೆ ನನಗೆ ಅವತ್ತು ಬಂದಷ್ಟು ಹೆಮ್ಮೆ ಯಾವತ್ತೂ ಬಂದಿರಲಿಲ್ಲ.

ಮೇಷ್ಟ್ರ ಮನೆಯಲ್ಲಿ ಊಟ ಮಾಡಿಸಿಯೇ ಕಳಿಸಿದರು. "ದುಡ್ಡು ಇರಲಿ ಕಣಯ್ಯಾ, ನೀನ್ಯಾಕೆ ಇಷ್ಟು ದಿನ ಈ ಕಡೆ ತಲೆ ಹಾಕ್ಲಿಲ್ಲ?" ಅಂತ ಅಪ್ಪನನ್ನು ಬೈದರು. ಅಪ್ಪ ಅತ್ತುಬಿಟ್ಟರು.

ಬಡ್ಡಿಯ ಸಾಲ ಎಲ್ಲಕ್ಕಿಂತ ಮೊದಲು ತೀರಿತು. ಶೆಟ್ಟರದು, ಮೇಷ್ಟ್ರದು ಆಮೇಲೆ. ನಡುವೆ ಅಪ್ಪನಿಗೆ ಒಮ್ಮೆ ಆಸ್ಪತ್ರೆಗೆ ಸೇರಬೇಕಾಯಿತು. ಆಗ ಆ ಹತ್ತನೇ ಪಾಲಿನ ದುಡ್ಡೇ ಸಾಕಾಯಿತು, ಯಾರ ಬಳಿಯೂ ಕೇಳಲಿಲ್ಲ. ಈಗ ಸೊಸೈಟಿ ಸಾಲ ಮಾತ್ರ ಬಾಕಿ ಇದೆ, ಅದರ ಕಂತು ಸಂಬಳದಲ್ಲೇ ಮುರಿದುಹೋಗುತ್ತದೆ. ಅಂಗಡಿ ಇಡಲು ಸಾಲ ಮಾಡಿರುವ ಚಿಕ್ಕಪ್ಪನ ಮಗ ಮೊನ್ನೆ ಈ ಪುಸ್ತಕ ಕೇಳಿದ. ಕೊಟ್ಟಿದ್ದೇನೆ. ಅರ್ಕಾದನನ್ನು ಆಮೇಲೆ ಓದು, ಮೊದಲು ಮಣ್ಣಿನ ಹಲಗೆಗಳ ಅಧ್ಯಾಯ ಓದು, ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ ಬಡ್ಡಿ ಎಷ್ಟು ಅಂತಲೂ ಬರೆದುಕೋ ಅಂತ ಹೇಳಿದ್ದೇನೆ.