ನೀಲಿ ಗಾಜಿನ ಹಸಿರು ದೀಪ

ಗದಗ ರಸ್ತೆಯಲ್ಲಿರುವ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯ ಆರಂಭವಾದದ್ದು 2020ರಲ್ಲಿ. ಅದರ ಮುಂದಿನಿಂದ ನೂರಾರು ಸಲ ಹಾದುಹೋಗಿದ್ದರೂ ಒಳಗೆ ಕಾಲಿಡಬೇಕೆಂದು ನಮಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಕಳೆದ ತಿಂಗಳ ಒಂದು ಭಾನುವಾರ, ನಿಲ್ದಾಣದ ಎರಡನೆಯ ದ್ವಾರದಲ್ಲಿ ಅತ್ತಿಗೆಯನ್ನು ಗಾಡಿ ಹತ್ತಿಸಿ ಹೊರಬರುವಷ್ಟರಲ್ಲಿ ಮಳೆ ಹಿಡಿದುಕೊಂಡದ್ದರಿಂದ, ಅದು ನಿಲ್ಲುವವರೆಗೆ ಎಂದುಕೊಂಡು ಹೋದೆವು. ಹದಿಮೂರರ ಮಗಳು ಮೊದಲೇ ಮುಖ ಸೊಟ್ಟ ಮಾಡಿದ್ದಳು. ಅವ್ವನಿಗೆ ಮಂಡಿನೋವು, ಒಂದು ಕಡೆ ಕೂರಿಸಿದರೆ ಸಾಕು ಎಂದಿದ್ದಳು. ಅರ್ಧ ತಾಸಿನಲ್ಲಿ ಮುಗಿಯುತ್ತದೆಂದು ಎಣಿಸಿದ್ದ ಆ ಭೇಟಿ ಮೂರು ತಾಸು ಹಿಡಿಯಿತು.

ಹೊರಗೆ ನಿಲ್ಲಿಸಿರುವ ಪುಟ್ಟ ನ್ಯಾರೋ ಗೇಜ್ (ಕಿರಿದಾದ ಹಳಿಯ) ಎಂಜಿನ್ನುಗಳನ್ನು ಮಗ ಸುತ್ತು ಹಾಕಿ ನೋಡಿದ. ವಸ್ತುಗಳನ್ನು ಇಟ್ಟಿರುವುದು ಮಲಪ್ರಭಾ ಮತ್ತು ಘಟಪ್ರಭಾ ಎಂಬ ಎರಡು ಹಳೆಯ ಮನೆಗಳಲ್ಲಿ. ರೈಲ್ವೆಯ ಕಾಲದ ಗೋಡೆಗಳ ನಡುವೆಯೇ ರೈಲ್ವೆಯ ಸಾಮಾನುಗಳನ್ನು ನೋಡುವಾಗ, ಗಾಜಿನ ಪೆಟ್ಟಿಗೆಗಳ ಸಾಲಿನಲ್ಲಿ ನಡೆಯುವ ಬೇಸರ ಉಂಟಾಗುವುದಿಲ್ಲ. ದಪ್ಪ ರಟ್ಟಿನ ಹಳೆಯ ಟಿಕೆಟ್ಟಿಗೆ ದಿನಾಂಕ ಒತ್ತುವ ಯಂತ್ರವನ್ನು ಕಂಡು ಮಕ್ಕಳು ಬೆರಗಾದರು. ಟಿಕೆಟ್ ಎಂದರೆ ಮೊಬೈಲಿನೊಳಗೆ ಇರುವಂಥದ್ದು ಎಂದೇ ತಿಳಿದ ಪೀಳಿಗೆ ಅದು.

ನಮ್ಮನ್ನೆಲ್ಲ ಕಟ್ಟಿಹಾಕಿದ್ದು ಮಾತ್ರ ತೋಳು ಮೇಲೆ ಕೆಳಗೆ ಆಡಿಸಿ ಗಾಡಿಗೆ ಸೂಚನೆ ಕೊಡುತ್ತಿದ್ದ ಹಳೆಯ ಕೈಮರದ ಸಿಗ್ನಲ್ಲಿನ ಒಂದು ತುಂಡು. ಅದರ ಎರಡು ಗಾಜುಗಳಲ್ಲಿ ಒಂದು ಕೆಂಪು, ಇನ್ನೊಂದು ನೀಲಿ. ಹಸಿರು ಇರಬೇಕಾದಲ್ಲಿ ನೀಲಿ ಯಾಕೆ, ತಪ್ಪಿ ಹಾಕಿದ್ದಾರೆಯೇ ಎಂದು ಮಗ ನನ್ನನ್ನು ಕೇಳಿದ. ನನಗೆ ತಿಳಿದಿರಲಿಲ್ಲ. ಉತ್ತರ ಬಂದದ್ದು ಬಾಗಿಲ ಬಳಿಯ ಕುರ್ಚಿಯಿಂದ.

“ಅದು ನೀಲಿ ಗಾಜಽ ಇರಬೇಕೋ ತಮ್ಮಾ. ಹಿಂದ ಚಿಮಣಿ ಎಣ್ಣಿ ದೀಪ ಇಟ್ಟರ ಹಸರ ಕಾಣತೈತಿ. ಹಸರ ಗಾಜ ಹಾಕಿದ್ದರ ಹಳದಿ ಹೊಡೀತಿತ್ತು.”

ನಿಜ. ಎಣ್ಣೆಯ ದೀಪದ ಉರಿ ಹಳದಿ. ನೀಲಿ ಛಾಯೆಯ ಗಾಜಿನ ಮೂಲಕ ಹಾದು ಬಂದಾಗಲೇ ಅದು ದೂರದ ಚಾಲಕನಿಗೆ ಸ್ವಚ್ಛ ಹಸಿರಾಗಿ ಕಾಣುತ್ತಿತ್ತು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ಬೆಳಕಿನ ಪಾಠ ಹೇಳಿದ್ದನ್ನು ಕೇಳಿ ಮಗಳು ಮೊಬೈಲನ್ನು ಚೀಲಕ್ಕೆ ಹಾಕಿದಳು.

ನನ್ನ ಅಪ್ಪ ಅಣ್ಣಿಗೇರಿ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್, ಅಂದರೆ ಹಳಿ ಬದಲಿಸುವ ಕೆಲಸದವರು, ಆಗಿದ್ದರು. ಸಂಜೆ ಸಿಗ್ನಲ್ ಕಂಬ ಹತ್ತಿ ದೀಪ ಇಡುವುದು, ಬೆಳಿಗ್ಗೆ ಇಳಿಸುವುದು ಅವರ ಕೆಲಸ. ಮಸಿ ಹಿಡಿದ ಗಾಜು ಒರೆಸುವುದು, ಬತ್ತಿ ಕತ್ತರಿಸುವುದು ಲೆಕ್ಕಕ್ಕೆ ನಿಲ್ದಾಣದ ದೀಪದ ಕೋಣೆಯಲ್ಲಿ ಆಗಬೇಕಾದದ್ದು. ಮಳೆಗಾಲದಲ್ಲಿ ಅವರು ಕೈಕಂದೀಲನ್ನು ಮನೆಗೇ ತರುತ್ತಿದ್ದರಂತೆ, ಅವ್ವ ಒಲೆಯ ಬೂದಿಯಿಂದ ಗಾಜು ತಿಕ್ಕಿ ಕೊಡುತ್ತಿದ್ದಳಂತೆ. ಇದನ್ನು ನಾನು ನನ್ನ ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ.

ಅಲ್ಲಿಂದ ಅವಳು ಎದ್ದು ನಮ್ಮ ಮುಂದೆಯೇ ನಡೆದಳು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ ಕಾಯುತ್ತಿದ್ದದ್ದು ಟೋಕನ್ ಎಂಬ ಉಕ್ಕಿನ ಒಂದು ಗುಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳ ಟೋಕನ್ ಯಂತ್ರಗಳು ತಂತಿಯಿಂದ ಒಂದಕ್ಕೊಂದು ಜೋಡಣೆಯಾಗಿರುತ್ತಿದ್ದವು. ಎರಡೂ ಕಡೆಯವರು ಒಪ್ಪಿದಾಗ ಒಂದು ಯಂತ್ರದಿಂದ ಒಂದೇ ಗುಂಡು ಹೊರಬರುತ್ತಿತ್ತು, ಮತ್ತು ಅದು ಮುಂದಿನ ನಿಲ್ದಾಣದ ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಬರುವಂತಿರಲಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನವರಿಗೆ ಕೈಯೆತ್ತಿ ಕೊಡುತ್ತಿದ್ದರು. ಹಿಂದಿನ ನಿಲ್ದಾಣದಿಂದ ತಂದ ಬಳೆಯನ್ನು ಅವರು ಅದೇ ಹೊತ್ತಿಗೆ ಕೆಳಗೆ ಎಸೆಯುತ್ತಿದ್ದರು.

ಒಂದು ರಾತ್ರಿ ಹಾಗೆ ಎಸೆದ ಬಳೆ ಗಾಳಿಮಳೆಯಲ್ಲಿ ಹಳಿಯ ಪಕ್ಕದ ಹತ್ತಿ ಹೊಲಕ್ಕೆ ಹಾರಿತಂತೆ. ಗುಂಡು ಯಂತ್ರಕ್ಕೆ ಮರಳುವವರೆಗೆ ಪಕ್ಕದ ಹುಲಕೋಟಿ ನಿಲ್ದಾಣದ ಕಡೆಯಿಂದ ಇನ್ನೊಂದು ಗಾಡಿ ಬಿಡುವಂತಿಲ್ಲ. ಅಪ್ಪ ಒಂದು ಕಂದೀಲು, ಅವ್ವ ಇನ್ನೊಂದು ಹಿಡಿದು ಎರೆಮಣ್ಣಿನ ಕೆಸರಿನಲ್ಲಿ ಹುಡುಕಿದರು. “ಸಿಕ್ಕಿದ್ದು ನನಗ. ನಿಮ್ಮ ಅಜ್ಜಾರು ಸ್ಟೇಶನ್ ಮಾಸ್ತರರ ಮುಂದ ತಮಗಽ ಸಿಕ್ತು ಅಂದ್ರು,” ಎಂದು ಅವ್ವ ನಕ್ಕಳು. ಆ ನಗುವಿನಲ್ಲಿ ಸಣ್ಣದೊಂದು ಬಾಕಿ ವಸೂಲಿಯೂ ಇತ್ತು ಅನ್ನಿಸಿತು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿದೆ.

1876–78ರ ಭೀಕರ ಬರದ ನಂತರ ಈ ಸೀಮೆಗೆ ಕಾಳು ತಲುಪಿಸಲು ಹಳಿ ಬೇಕೆಂದು ಮನಗಂಡೇ ಸದರ್ನ್ ಮರಾಠಾ ರೈಲ್ವೆಯನ್ನು ಕಟ್ಟಿದ್ದು, 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಸೇರಿದ್ದು, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾದದ್ದು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿಗೆ ಬಂದದ್ದು, ಇವೆಲ್ಲ ನನಗೆ ಓದಿ ಗೊತ್ತಿದ್ದ ಸಂಗತಿಗಳು; ಮಕ್ಕಳಿಗೆ ಹೇಳಲು ಹೊರಟೆ, ಅವರು ಕೇಳಲಿಲ್ಲ. ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನದು ಬಂದದ್ದು 1990ರ ದಶಕದಲ್ಲಿ ಎಂದಾಗ ಮಾತ್ರ ಮಗ ತನ್ನ ಹೆಜ್ಜೆಯಿಂದ ಎರಡನ್ನೂ ನೆಲದ ಮೇಲೆ ಅಳೆದ.

ಮಳೆ ಯಾವಾಗಲೋ ನಿಂತಿತ್ತು. ಹೊರಡೋಣವೆಂದರೆ ಅವ್ವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ಮೂರು ಬಣ್ಣದ ಕೈಕಂದೀಲಿನ ಮುಂದೆ ನಿಂತು, ಮೇಲಿನ ಬುರುಡೆ ತಿರುಗಿಸಿದರೆ ಒಳಗಿನ ಗಾಜು ಹೇಗೆ ಬದಲಾಗುತ್ತದೆಂದು ಅಲ್ಲಿನ ಕಾವಲಿನ ಹುಡುಗನಿಗೆ ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದಳು. ಮಂಡಿಯ ನೋವಿನ ಮಾತು ಮರುದಿನ ಬೆಳಿಗ್ಗೆಯವರೆಗೆ ಬರಲಿಲ್ಲ.